ಕೈಯಲ್ಲೇ ಉಳಿದ ರಕ್ತದ ಚೀಲ

ಭೂಕಂಪವಾದ ಮರುದಿನ ಹ್ವಾಲಿಯೆನ್‌ನ ನಮ್ಮ ಆಸ್ಪತ್ರೆಯಲ್ಲಿ, ರಕ್ತನಿಧಿಯ ಸರ್ವರ್‌ನ ಜೋಡಿ ಡಿಸ್ಕುಗಳಲ್ಲಿ ಒಂದು ಸತ್ತಿತು. ಇನ್ನೊಂದು ಕಟಕಟ ಎನ್ನುತ್ತಿತ್ತು. ಯಂತ್ರ ತಂಟೆ ಮಾಡದಿರಲೆಂದು ಇಲ್ಲಿನ ವಾಡಿಕೆಯಂತೆ ಅದರ ನೆತ್ತಿಯ ಮೇಲೆ ನಾವಿಟ್ಟಿದ್ದ ಹಸಿರು ಕುರುಕಲು ಪೊಟ್ಟಣವೂ ನಡುಗುತ್ತಿತ್ತು. ಯಾವ ರಕ್ತ ಎಷ್ಟಿದೆ, ಯಾರಿಗೆ ಹೋಯಿತು ಎಂಬುದೆಲ್ಲ ಆ ಡಿಸ್ಕಿನೊಳಗೆ. ಅದೂ ಕೈಕೊಟ್ಟರೆ ಗತಿಯೇನು? ಆಸ್ಪತ್ರೆಯ ಕಂಪ್ಯೂಟರುಗಳ ಹೊಣೆ ನನ್ನದು; ನಕಲು ಈಗಲೇ ಬೇಕಿತ್ತು.

ರಕ್ತನಿಧಿಯ ತೂ ಅಕ್ಕನಿಗೆ ಫೋನು ಮಾಡಿ, ಸರ್ವರನ್ನು ಒಂದು ಗಂಟೆ ನಿಲ್ಲಿಸಬಹುದೇ ಎಂದೆ.

“ಒಂದ್ ನಿಮಿಷಾನೂ ಆಗಲ್ಲ. ಮೇಲೆ ಬಾಣಂತಿಗೆ ರಕ್ತ ಹೋಗ್ತಾನೇ ಇದೆ. ನಿಲ್ಸೋದಾದ್ರೆ ನೀನೇ ಬಂದು ಅವಳ ಗಂಡನಿಗೆ ಹೇಳು, ಯೆನ್ ತಮ್ಮಾ.”

ನಿಲ್ಲಿಸದೆ ಒಂದೊಂದೇ ಕಡತ ನಕಲು ಮಾಡಿದರೆ ಆ ನಕಲಿನ ತಲೆ ಬೆಳಗಿನದು, ಬಾಲ ಮಧ್ಯಾಹ್ನದ್ದು. ಅದನ್ನು ನಂಬಿ ರಕ್ತ ಕೊಡುವುದೆಂದರೆ ಕೊಲೆ. ನನಗೆ ತಲೆ ಕೆಟ್ಟಿತು.

ಪಕ್ಕದ ಮೇಜಿನ ಪೆಂಗ್ ಯೂ-ಷಾನ್ ಹಾಲಿನ ಚಹಾ ಹೀರುತ್ತಾ ಹೇಳಿದಳು: “ಅಣ್ಣ, ಕಡತ ಯಾಕೆ ಮುಟ್ತೀರ? ಈ ಕ್ಷಣ ಹೆಂಗಿದೀಯೋ ಹಂಗೇ ಹಿಡ್ಕೋ ಅಂತ ಡಿಸ್ಕಿಗೇ ಹೇಳೋಣ. ಹೊಸದಾಗಿ ಬರೆದದ್ದು ಬೇರೆ ಜಾಗಕ್ಕೆ ಬೀಳುತ್ತೆ, ಹಳೇದು ಅಲ್ಲಾಡಲ್ಲ. ಅದನ್ನ ನಿಧಾನಕ್ಕೆ ಬೇರೆ ಯಂತ್ರಕ್ಕೆ ಹೊತ್ಕೊಂಡ್ ಹೋಗೋಣ.”

“ಹರಿಯೋ ನೀರಿಗೆ ನಿಲ್ಲು ಅಂದ್ರೆ ನಿಲ್ಲುತ್ತಾ?”

“ನೀರು ನಿಲ್ಲೋದೇ ಬೇಡ ಅಣ್ಣ, ಫೋಟೋ ತೆಗೆದಂಗೆ.”

ನಕಲು ಹಿಡಿಯುವ ಕ್ಷಣವನ್ನು ತಿಳಿಸಲು ತೂ ಅಕ್ಕನಿಗೆ ಮತ್ತೆ ಫೋನು ಮಾಡಿ “ಈಗ” ಎಂದೆ. ಪೆಂಗ್ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಕೆಳಗೆ ರಕ್ತನಿಧಿಯಲ್ಲಿ ಯಾರ ಕೆಲಸವೂ ನಿಲ್ಲಲಿಲ್ಲ.

ನಕಲನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಿ ತೆರೆದರೆ, ‘ಸರಿಯಾಗಿ ಮುಚ್ಚಿರಲಿಲ್ಲ, ಸರಿಪಡಿಸಲಾಗುತ್ತಿದೆ’ ಎಂದಿತು ಪರದೆ.

“ಕರೆಂಟ್ ಹೋಗಿತ್ತು ಅನ್ಕೊಂಡಿದೆ, ಪಾಪ. ತಾನೇ ಎದ್ದೇಳುತ್ತೆ ಬಿಡಿ” ಎಂದಳು ಪೆಂಗ್.

ಎದ್ದಿತು. ಪೂರ್ತಿ ಬರೆದದ್ದನ್ನು ಉಳಿಸಿಕೊಂಡು, ಅರ್ಧಕ್ಕೆ ನಿಂತದ್ದನ್ನು ಬಿಟ್ಟುಕೊಟ್ಟು ಎದ್ದಿತು. ಆ ಕ್ಷಣದವರೆಗಿನ ಲೆಕ್ಕವೆಲ್ಲ ಸರಿ, ಒಂದು ಚೀಲದ ಹೊರತು. ಅದೇ ನಿಮಿಷದಲ್ಲಿ ಅದನ್ನು ಬಾಣಂತಿಗೆ ಕೊಟ್ಟಾಗಿದೆ ಎಂದಿತು ಸರ್ವರ್. ಇನ್ನೂ ಕೊಟ್ಟಿಲ್ಲ ಎಂದಿತು ನಕಲು. ಸುಳ್ಳು ಹೇಳುವ ನಕಲು ಕಟ್ಟಿಕೊಂಡು ಏನು ಮಾಡಲಿ? ಸಿಟ್ಟಿನಲ್ಲಿ ಕೆಳಗೆ ಓಡಿದೆ.

“ನೀನು ‘ಈಗ’ ಅಂದಾಗ ಚೀಲ ನನ್ನ ಕೈಲೇ ಇತ್ತು ಕಣೋ” ಎಂದಳು ತೂ ಅಕ್ಕ. “ಫೋನ್ ಇಟ್ಮೇಲೇ ನಾನು ಕೊಟ್ಟಾಯ್ತು ಅಂತ ಕೊನೇ ಗುಂಡಿ ಒತ್ತಿದ್ದು. ಬಾಣಂತಿ ಬದುಕ್ಕೊಂಡ್ಲು ಬಿಡು. ಗಂಡ ಹೊರಗೆ ಕೂತು ಅಳ್ತಿದಾನೆ, ಖುಷಿಗೆ.”

ಮೇಲೆ ಬಂದು ಪರದೆಯ ಮುಂದೆ ಕೂತೆ. ನಕಲು ಸುಳ್ಳು ಹೇಳಿರಲಿಲ್ಲ. ಅದರೊಳಗೆ ತೂ ಅಕ್ಕ ಚೀಲ ಹಿಡಿದೇ ನಿಂತಿದ್ದಳು, ಬಾಣಂತಿ ಇನ್ನೂ ಕಾಯುತ್ತಿದ್ದಳು. ಅವಳು ಉಳಿಯುತ್ತಾಳೋ ಇಲ್ಲವೋ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಕೂತ ನನಗೆ ಗೊತ್ತಿತ್ತು.