ಬೊಝಿದಾರನ ಉಣ್ಣೆ ಹೊದಿಕೆ

ಪ್ರತಿ ಆಗಸ್ಟ್‌ನಲ್ಲಿ ವೊಲಿನ್ ದ್ವೀಪದ ನದಿದಂಡೆಯ ಮೇಲೆ ಹಳೆಗಾಲದ ಹಬ್ಬಕ್ಕೆಂದು ಡೇರೆಗಳು ಏಳುತ್ತವೆ. ಸಾವಿರ ವರ್ಷ ಹಿಂದಿನ ಯೋಧರ, ನೇಕಾರರ, ಕಮ್ಮಾರರ ಉಡುಪು ತೊಟ್ಟು ಜನ ಅಲ್ಲೇ ಅಡುಗೆ ಮಾಡಿ, ಹುಸಿಕಾಳಗ ಆಡಿ, ಮಲಗುತ್ತಾರೆ. ದೊಬ್ರಾವಾ ಬೊಝಿದಾರನನ್ನು ಮೊದಲು ಕಂಡದ್ದು ಅಲ್ಲಿನ ಹೊಗೆಯಲ್ಲೇ. ಮದುವೆಯಾದ ಮೇಲೂ ಇಬ್ಬರೂ ಒಂದು ಬೇಸಿಗೆಯನ್ನೂ ತಪ್ಪಿಸಲಿಲ್ಲ. ಆಮೇಲೆ ಅವನು ನಾರ್ವೆಯ ಹಡಗುಕಟ್ಟೆಗೆ ಕೆಲಸಕ್ಕೆ ಹೋದ. ಮೊದಮೊದಲು ಕ್ರಿಸ್ಮಸ್‌ಗೆ ಬರುತ್ತಿದ್ದ. ನಂತರ ಬರೀ ಫೋನು. ಈಗ ಅದೂ ಅಪರೂಪ.

ಡೇರೆಯ ಸಾಮಾನನ್ನು ಕಟ್ಟಿಡಲು ಮನಸ್ಸು ಬಾರದೆ ಅವಳು ದಿನಬಳಕೆಗೆ ಇಳಿಸಿಕೊಂಡಿದ್ದಳು. ಕಂಚಿನ ಕೊಂಡಿ ಕಿಟಕಿಯ ಪರದೆ ಹಿಡಿದಿತ್ತು. ಗುರಾಣಿಯ ಮೇಲೆ ಚಹಾದ ಲೋಟ ಕೂರುತ್ತಿತ್ತು. ಬೇಕರಿ ಕೆಲಸಕ್ಕೆ ಹೋಗುವಾಗ ಸೊಂಟದ ಚರ್ಮದ ಚೀಲದಲ್ಲಿ ಕೀಲಿಕೈ, ಬಸ್ ಪಾಸು. ತಾನೇ ನೂತು ನೇಯ್ದು ಅವನಿಗೆ ಕೊಟ್ಟಿದ್ದ ಬೂದುಬಣ್ಣದ ಉಣ್ಣೆ ಹೊದಿಕೆ ಮಾತ್ರ ಬಾಗಿಲ ಹಿಂದಿನ ಗೂಟದಲ್ಲೇ. ಅದರಲ್ಲಿ ಅವನ ವಾಸನೆಯಿತ್ತು. ಬಳಸಿದರೆ ಎಲ್ಲಿ ಆರಿಹೋದೀತೋ ಎಂಬ ಭಯ.

ಆ ಚಳಿಗಾಲ ಹಿಮಗಾಳಿಗೆ ಕರೆಂಟು ಹೋಯಿತು. ಇಡೀ ಕಟ್ಟಡದ ಒಲೆಗಳು ತಣ್ಣಗಾದವು. ದೊಬ್ರಾವಾ ಅಂಗಳದಲ್ಲಿ ಮುಕ್ಕಾಲಿ ನಿಲ್ಲಿಸಿ, ಕಬ್ಬಿಣದ ಹಂಡೆ ತೂಗುಹಾಕಿ, ಬಟಾಣಿ ಸಾರು ಕುದಿಸಿದಳು.

ಕೆಳಮನೆಯ ಗೆನೊವೆಫಾ ಅಜ್ಜಿ ಬಟ್ಟಲು ಹಿಡಿದು ಬಂದಳು. "ಏನಮ್ಮ, ದಂಡಿಗೆ ಅಡುಗೆ ಮಾಡ್ತಿದ್ದೀಯಾ?"

"ಹೂಂ ಅಜ್ಜಿ. ನೀವೇ ದಂಡನಾಯಕಿ. ಕೂತ್ಕೊಳ್ಳಿ."

ಅಜ್ಜಿ ನಕ್ಕಳು, ಆದರೆ ಬಟ್ಟಲು ಗಡಗಡ ನಡುಗುತ್ತಿತ್ತು. ದೊಬ್ರಾವಾ ಮೇಲೆ ಓಡಿದಳು. ಗೂಟದ ಮುಂದೆ ಒಂದು ಕ್ಷಣ ನಿಂತಳು. ಹೊದಿಕೆ ತಂದು ಅಜ್ಜಿಯ ಹೆಗಲಿಗೆ ಸುತ್ತಿದಳು.

"ಅಬ್ಬಾ, ಒಲೆ ಹೊದ್ಕೊಂಡ ಹಾಗಿದೆ!" ಎಂದಳು ಅಜ್ಜಿ. "ನಿಮ್ಮನೆಗೆ ಬಂದಾಗೆಲ್ಲ ನೋಡ್ತಿದ್ದೆ, ಇಂಥದ್ದನ್ನ ಗೋಡೆಗ್ಯಾಕೆ ಹೊದಿಸಿದ್ದೆ?"

ದೊಬ್ರಾವಾ ಸಾರು ಕಲಕಿದಳು.

ಹಿಮ ಕರಗುವ ಹೊತ್ತಿಗೆ ಬೊಝಿದಾರನ ಫೋನು ಬಂತು. ಅವನ ಉಸಿರು ಕೇಳಿದ್ದೇ ಅವಳು ಕುರ್ಚಿ ಹುಡುಕಿದಳು.

"ದೊಬ್ರಾ, ಒಂದು ಮಾತು ಕೇಳ್ಲಾ?"

"ಕೇಳು." ಬರ್ಲಾ ಎಂದರೆ ಬಾ ಎನ್ನಲು ಅವಳ ನಾಲಗೆ ತುದಿಗಾಲಲ್ಲಿ ನಿಂತಿತ್ತು.

"ಇಲ್ಲೂ ನಮ್ಮ ಥರದ್ದೇ ಒಂದು ಗುಂಪಿದೆ. ಬೇಸಿಗೆಗೆ ಡೇರೆ ಹಾಕ್ತಾರೆ. ಆ ಹೊದಿಕೆ ಕಳಿಸ್ತೀಯಾ?"

ಅವಳು ಗೂಟಕ್ಕೆ ಮರಳಿದ್ದ ಹೊದಿಕೆಯತ್ತ ನೋಡಿದಳು. "ಅಲ್ಲೇ ಉಳಿದುಬಿಡ್ತೀಯಾ, ಬೊಝಿದಾರ್?"

"ಉಳಿದು ಆಗಿದೆ ಅನ್ಸುತ್ತೆ. ಹೇಳೋಕೆ ಧೈರ್ಯ ಬರ್ಲಿಲ್ಲ. ಕ್ಷಮಿಸು."

"ಚಳಿ ಜಾಸ್ತಿ ಅಲ್ವಾ ಅಲ್ಲಿ?" ಎಂದಳು. "ಕಳಿಸ್ತೀನಿ."

ಮರುದಿನ ಅವಳು ಹೊದಿಕೆಯನ್ನು ಹೊದ್ದು ನದಿಯವರೆಗೂ ನಡೆದಳು. ದಡದಲ್ಲಿ ನಿಂತು, ಅದರ ಅಂಚಿನಲ್ಲಿ ಮುಖ ಹುದುಗಿಸಿ ಅತ್ತಳು. ನಂತರ ಒಗೆಯದೆಯೇ ಮಡಚಿ ಅಂಚೆಗೆ ಹಾಕಿದಳು.

ಆಗಸ್ಟ್‌ನಲ್ಲಿ ಒಬ್ಬಳೇ ಡೇರೆ ಹಾಕಿದಳು. ಹೊಸ ಉಣ್ಣೆ ನೂಲುತ್ತಾ ಕೂತಳು, ಈ ಸಲ ತನ್ನ ಅಳತೆಗೆ. ಮಧ್ಯಾಹ್ನ ಪಕ್ಕದ ಡೇರೆಯ ಕುಂಬಾರ ಸಿಯೆಮೊವಿತ್ ಇಣುಕಿ ಕೇಳಿದ:

"ಎರಡು ತಟ್ಟೆ ಇಟ್ಟಿದ್ದೀಯಲ್ಲ, ಯಾರು ಬರ್ತಾರೆ?"

ಅವಳು ತಟ್ಟೆಗಳನ್ನು ನೋಡಿದಳು.

"ಯಾರೂ ಇಲ್ಲ ಮಾರಾಯ. ಕೈಗೆ ಇನ್ನೂ ಗೊತ್ತಾಗಿಲ್ಲ."

ಸಿಯೆಮೊವಿತ್ ಹೊರಗಿನ ಮರದ ದಿಮ್ಮಿಯ ಮೇಲೆ ಕೂತ. ಅವಳು ಅವನಿಗೊಂದು ತಟ್ಟೆ ಬಡಿಸಿದಳು. ಇಬ್ಬರೂ ನದಿ ನೋಡುತ್ತಾ ಉಂಡರು. ಹಡಗೊಂದು ಬಡಗಣ ದಿಕ್ಕಿಗೆ, ನಾರ್ವೆಯ ಕಡೆಗೆ ಮರೆಯಾಗುವವರೆಗೂ ಅವಳ ಕಣ್ಣು ಅದರ ಮೇಲೇ ಇತ್ತು.