ಎತ್ತಾಕ ಬರದ ಬಿಜಾಗ್ರಿ

ಮೂರನೆಯ ಸಲ ತಿರುಗಿಸಿ ಹಿಡಿದಾಗಲೂ ಬಿಜಾಗ್ರಿಯ ಮೊಳೆ ನೆಲವನ್ನೇ ನೋಡುತ್ತಿತ್ತು. ಗಂಡು-ಹೆಣ್ಣು ಬಿಜಾಗ್ರಿ ಎಂದರೆ ಎರಡು ತುಂಡಿನ ಬಾಗಿಲ ಕೀಲು. ಮೊಳೆಯಿರುವ ಗಂಡು ಚೌಕಟ್ಟಿಗೆ, ತೂತಿರುವ ಹೆಣ್ಣು ಕದಕ್ಕೆ. ಕದವನ್ನು ಎತ್ತಿ ಮೇಲಿನಿಂದ ಕೂಡಿಸಬೇಕು. ಮೊಳೆಯೇ ತಲೆಕೆಳಗಾದರೆ ಕದ ಕೂಡುವುದು ಹೇಗೆ? ಬಂದು ಕಾಲ ಮೇಲೆ ಬೀಳುತ್ತದೆ, ಅಷ್ಟೆ.

"ಅವ್ವಾ, ಅಂಗಡಿಯವ್ರಿಗೆ ಫೋನಿನ್ಯಾಗ ಏನಂತ ಹೇಳಿದಿ?" ತನುಜಾ ಕೂಗಿದಳು.

ಕೋಣೆಯ ಬಾಯಿಗೇ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಸರೋಜವ್ವ ತಲೆ ಎತ್ತಲಿಲ್ಲ. "ಬಲಕ್ಕಿಂದು ಕೊಡ್ರಿ ಅಂದೆ."

"ನಮ್ಮ ಕದ ಎಡಕ್ಕ ಐತಲ್ಲ ಬೇ!"

"ನಿನಗ ಎಡ. ದೇವರಿಗೆ ಬಲ."

ಆ ಮನೆಯಲ್ಲಿ ಎಡ-ಬಲ ಲೆಕ್ಕ ಹಾಕುವುದು ಜಗಲಿಯ ಮೇಲಿನ ದೇವರ ಕಡೆಯಿಂದ. ದೇವರ ಬಲಕ್ಕೆ ಅಡುಗೆಮನೆ, ಎಡಕ್ಕೆ ಬಚ್ಚಲು. ಮನುಷ್ಯರು ಎತ್ತ ಮುಖ ಮಾಡಿ ನಿಂತರೂ ಅದು ಬದಲಾಗುವುದಿಲ್ಲ. ಇದು ಸವಣೂರಿನ ಅಂಗಡಿಯವರಿಗೆ ಹೇಗೆ ಗೊತ್ತಾಗಬೇಕು?

ತನುಜಾ ಬಿಜಾಗ್ರಿಗಳನ್ನು ಚೀಲಕ್ಕೆ ಒಗೆದಳು. ಹಿರೇಕೆರೂರಿನ ಗಂಡನ ಮನೆಯಿಂದ ಅವಳು ಹತ್ತಿಮತ್ತೂರಿಗೆ ಬಂದು ಐದು ತಿಂಗಳಾಗಿತ್ತು. ಗೋವಿನಜೋಳದ ಚೀಲ ಇಡುವ ಕೋಣೆಯಲ್ಲಿ ಒಂದು ಮಂಚ ಹಾಕಿ ಕೊಟ್ಟಿದ್ದರು. ಬಾಗಿಲ ಜಾಗದಲ್ಲಿ ಅವ್ವನ ಹಳೆಯ ಸೀರೆ ಇಳಿಬಿದ್ದಿತ್ತು. ಬಂದವರೆಲ್ಲ ಅದನ್ನು ಸರಿಸಿ, "ಏನ್ ಮಾಡಾಕತ್ತೀಯವ್ವಾ?" ಎಂದು ಇಣುಕುವರು. ಅವ್ವ ಹಿಂದಿನಿಂದಲೇ, "ನಾಕು ದಿನ ಇದ್ದು ಹೋಗಾಕ ಬಂದಾಳ" ಎನ್ನುವಳು. ಕದ ಮಾಡಿಕೊಟ್ಟು, ನಾಳೆ ಬಂದು ಕೂಡಿಸುತ್ತೇನೆಂದ ಬಡಿಗೇರನ 'ನಾಳೆ'ಗೆ ಒಂದು ತಿಂಗಳು ತುಂಬಿತ್ತು.

ಗಂಡನ ಮನೆಯ ಕೋಣೆಗೇನೋ ಬಾಗಿಲಿತ್ತು. ಅದರ ಅಗುಳಿ ಹೊರಗಡೆ ಇತ್ತು.

ಬಿಜಾಗ್ರಿ ಬದಲಿಸಲು ಸವಣೂರಿನ ಬಸ್ಸಿನಲ್ಲಿ ನಿಂತೇ ಹೋಗುವಾಗ ಅವಳಿಗೆ ಅಜ್ಜಿಯ ಕಥೆಗಳು ನೆನಪಾದವು. ಏಳು ಸಮುದ್ರದಾಚೆ, ಏಳು ಬಾಗಿಲ ಅರಮನೆ, ಒಳಗೊಬ್ಬ ರಾಜಕುಮಾರಿ. ಆ ಏಳು ಬಾಗಿಲಿಗೆ ಬಿಜಾಗ್ರಿ ಯಾರು ಬಡಿದರು, ಎಷ್ಟು ಸಲ ಅಂಗಡಿಗೆ ಓಡಾಡಿದರು ಎಂಬುದನ್ನು ಮಾತ್ರ ಅಜ್ಜಿ ಒಂದು ದಿನವೂ ಹೇಳಿರಲಿಲ್ಲ.

ಅಂಗಡಿಯ ಶಿದ್ಲಿಂಗಪ್ಪ ಕನ್ನಡಕ ಏರಿಸಿ ನೋಡಿದ. "ಎಡಕ್ಕೋ ಬಲಕ್ಕೋ, ಸರಿಯಾಗಿ ಹೇಳಬೇಕವ್ವ."

"ದೇವರ ಬಲಕ್ಕರಿ."

"ದೇವರು ಬಂದು ನನ್ನ ಅಂಗಡ್ಯಾಗ ವ್ಯಾಪಾರ ಮಾಡ್ತಾನೇನು? ಮನ್ಯಾಗಿನ ಗಂಡಸರನ್ನ ಕಳಸ್ರಿ, ಅವ್ರಿಗೆ ತಿಳೀತೈತಿ."

"ಇದನ್ನ ಒಯ್ದಾವ ಗಂಡಸನ ಅದಾನ್ರಿ. ನಮ್ಮಣ್ಣ."

ಶಿದ್ಲಿಂಗಪ್ಪ ನಕ್ಕುಬಿಟ್ಟ. ಇನ್ನೊಂದು ಬದಿಗೆ ಕೂಡುವ ಜೊತೆಗಾಗಿ ಡಬ್ಬಿ ಹುಡುಕುತ್ತ, "ಸಾದಾ ಬಿಜಾಗ್ರಿ ಆದ್ರ ಎಡ-ಬಲದ ತಕರಾರ ಇಲ್ಲ" ಎಂದ. "ನಾನು ಅದನ್ನ ಕೊಡ್ತೇನಿ ಅಂದೆ. ನಿಮ್ಮವ್ವಾರ ಬ್ಯಾಡ ಅಂದ್ರು. 'ಎತ್ತಿ ತಗಿಯೂವಂಥಾವ ಕೊಡ್ರಿ. ಮಗಳು ಹೋದ ಮ್ಯಾಲ ಚೀಲ ಇಡಾಕ ಬಾಗಲಾ ಅಡ್ಡ ಆಗ್ತೈತಿ' ಅಂದ್ರು."

ತನುಜಾ ತಂದಿದ್ದ ಬಿಜಾಗ್ರಿಗಳನ್ನು ಅವನತ್ತ ಸರಿಸಿದಳು. ಹೊರಗೆ ಯಾರೋ ಖಾರದ ಪೊಟ್ಟಣ ಕಟ್ಟಿಸಿಕೊಳ್ಳುತ್ತ ಜಗಳ ತೆಗೆದಿದ್ದರು.

"ಸಾದಾವ ಕೊಡ್ರಿ," ಎಂದಳು. "ಎತ್ತಾಕ ಬರದಂಥಾವ. ನಾಕು ಇಂಚಿನಾವ, ಮೂರು. ಸ್ಕ್ರೂ ಉದ್ದನಾವ ಕೊಡ್ರಿ."

ಮರುದಿನ ಬೆಳಿಗ್ಗೆ ಅವಳೇ ಕೂತಳು. ಬೇವಿನ ಚೌಕಟ್ಟು ಕಲ್ಲಿನಂತೆ ಗಟ್ಟಿ. ಉಳಿ ಜಾರಿ ಹೆಬ್ಬೆರಳು ಕೆತ್ತಿತು. ಮೊದಲ ಸ್ಕ್ರೂ ಅರ್ಧಕ್ಕೇ ನಿಂತು ತಲೆ ಸವೆದು, ಒಳಗೂ ಹೋಗದು, ಹೊರಗೂ ಬಾರದು. ಅವಳಿಗೆ ಅಳು ಬಂದಿತು. ಅತ್ತರೆ ಅದು ಸ್ಕ್ರೂ ಎದುರು ಸೋತಂತೆ ಎಂದು ಹಲ್ಲು ಕಚ್ಚಿ, ಇಕ್ಕಳದಿಂದ ಅದನ್ನು ತಿರುಚಿ ಕಿತ್ತಳು. ಬಾಗಿಲಿಗೆ ಬಂದ ಅಣ್ಣ ಚನ್ನೇಶ ನಿಂತು ನೋಡಿದ.

"ಏನವಾ, ಬಡಿಗೇರ್ತಿ ಆದೇನು?"

"ಹಿಡಿತಿಯೋ, ನಗತಿಯೋ? ಒಂದ ಮಾಡು."

ಅವನು ಕದ ಹಿಡಿದ. ಹಿಡಿದ ಮೇಲೆ ಗಮನಿಸಿದ. "ಏ, ಇದು ಹೊರಗ ತೆರೀತೈತಲ್ಲ. ಪಡಸಾಲಿಗೆ ಅಡ್ಡ ಬರ್ತೈತಿ."

"ಒಳಗ ತೆರದ್ರ ನಿನ್ನ ಚೀಲಕ್ಕ ಬಡೀತೈತಿ."

ಚನ್ನೇಶ ಚೀಲಗಳ ಸಾಲನ್ನು ನೋಡಿ, ಕದವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಕೊನೆಯ ಸ್ಕ್ರೂ ಕುಳಿತಾಗ ಬಿಸಿಲು ಜಗಲಿಯತನಕ ಬಂದಿತ್ತು. ಅವನು ಕೈ ಝಾಡಿಸಿಕೊಂಡು ಹೊಲಕ್ಕೆ ಹೋದ.

ತನುಜಾ ಒಳಗೆ ಹೋಗಿ ಕದ ಮುಚ್ಚಿದಳು. ಸೀರೆಯ ಬಣ್ಣದ ಬೆಳಕಿಲ್ಲದ ಕೋಣೆ ಅವಳಿಗೆ ಹೊಸದೆನಿಸಿತು. ಒಂದು ಗಳಿಗೆ ನಿಂತು, ಮತ್ತೆ ಹೊರಕ್ಕೆ ತಳ್ಳಿದಳು. ಕದ ಅರ್ಧಕ್ಕೇ ಏನಕ್ಕೋ ತಾಗಿ ನಿಂತಿತು. ಅವ್ವನ ಮೊರ. ಮದುವೆಯಾಗಿ ಬಂದಾಗಿನಿಂದ ಸರೋಜವ್ವ ಕೂಡುತ್ತಿದ್ದ ಜಾಗ ಅದು.

ಸರೋಜವ್ವ ಕದದ ಸಂದಿಗೆ ಕೈ ಹಾಕಿ ಬಿಜಾಗ್ರಿಯನ್ನು ಮುಟ್ಟಿದಳು. ಬೆರಳು ಮೇಲಿಂದ ಕೆಳಗೆ ಹೋಗಿ, ತಿರುಗಿ ಮೇಲೆ ಬಂತು.

"ಇದನ್ನ ಎತ್ತಾಕ ಬರೂದಿಲ್ಲೇನು?"

"ಇಲ್ಲಬೇ."

"ಅಂಗಡಿಯವ ಏನರ ಅಂದನ?"

"ಅಂದ."

ಸರೋಜವ್ವ ಮೊರದತ್ತ ಬಾಗಿದಳು. ಮೊರದಲ್ಲಿದ್ದ ಒಂದು ಕಲ್ಲನ್ನು ಹುಡುಕಿ ತೆಗೆದು ಅಂಗಳಕ್ಕೆ ಒಗೆದಳು. ಇನ್ನೊಂದು ಸಿಗಲಿಲ್ಲ. ಆಮೇಲೆ ಒಂದು ಕೈ ನೆಲಕ್ಕೂರಿ, ಮೊರವನ್ನು ಕಂಬದ ಆಚೆಗೆ ಸರಿಸಿ, ಕೂತಲ್ಲಿಂದಲೇ ತೆವಳಿಕೊಂಡು ತಾನೂ ಅದರ ಹಿಂದೆ ಹೋದಳು. ಹಳೆಯ ಜಾಗದಲ್ಲಿ ನಾಲ್ಕು ಅಕ್ಕಿಕಾಳು ಚೆಲ್ಲಿದ್ದವು. ಕದ ತನ್ನಷ್ಟಕ್ಕೆ ತಾನೇ ಅವುಗಳ ಮೇಲೆ ಹಾದು, ಗೋಡೆಗೆ ಹೋಗಿ ತಾಗಿತು.