ದೀಪದ ಗೋಪುರ ಪಗೋಡವಾದದ್ದು

“ಮೊದ್ಲು ಆ ನಾರೋ ಗಡಿಗೆ ಎತ್ತಾಚೆ ಬಿಸಾಕ್ರೋ, ಬೋಳಿಮಕ್ಳಾ. ನಾಳೆ ಬುದ್ಧ ಕೂರೋ ಜಾಗ ಇದು.”

ಅಕ್ಕಿ ಗಿರಣಿ ಧಣಿ ಊ ಬೋ ಜಾನ್ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ. ಗಡಿಗೆಯಲ್ಲಿದ್ದದ್ದು ಮುದುಕಿ ಡೋ ಪ್ವಾ ಶಿನ್ ಹುದುಗು ಹಾಕಿದ್ದ ಮೀನಿನ ಙಪಿ. ಧಣಿ ಮನೆಯಲ್ಲೂ ಅದಿಲ್ಲದೆ ಅನ್ನ ಇಳಿಯುವುದಿಲ್ಲ. ಅಲ್ಲಿ ಬಹುಶಃ ಘಮಘಮಿಸುತ್ತದೆ. ಅವನ ಮೂಟೆ ಹೊರುವ ನಾವು ಗಡಿಗೆಯನ್ನು ಮೆಲ್ಲಗೆ ಹೊರಗಿಟ್ಟೆವು. ಬಿಸಾಕಲು ಮನಸ್ಸಾಗಲಿಲ್ಲ.

ಐರಾವತಿ ನದಿಯ ಈ ಕವಲಿನಲ್ಲಿ ಹೂಳು ತುಂಬಿ ಹಡಗು ಬರುವುದು ನಿಂತ ಮೇಲೆ ಸರ್ಕಾರ ದೀಪದ ಗೋಪುರವನ್ನು ಕೈಬಿಟ್ಟಿತು. ಕೆಳಗಿನ ಕೋಣೆಯಲ್ಲಿದ್ದ ಮುದುಕಿಯನ್ನಂತೂ ಅದು ಎಂದೂ ಕೈಹಿಡಿದಿದ್ದೇ ಇಲ್ಲ. ಈಗ ಧಣಿಗೆ ಪುಣ್ಯದ ಹಸಿವು. ಅಷ್ಟೆತ್ತರದ ಗೋಪುರ ಪುಕ್ಕಟೆ ಸಿಕ್ಕಿರುವಾಗ ತುದಿಗೆ ಚಿನ್ನದ ಬಣ್ಣ ಬಳಿದು ಪಗೋಡ ಮಾಡುವುದಕ್ಕೇನು ಧಾಡಿ?

ಬಾಗಿಲ ಪಕ್ಕ ಗೋಪುರದ ಚರಿತ್ರೆಯನ್ನು ಕಲ್ಲಲ್ಲಿ ಕೆತ್ತಿಸಿದ್ದ. ಕಟ್ಟಿಸಿದ ಬಿಳಿ ಸಾಹೇಬ, ದೀಪ ಹಚ್ಚಿದ ಊ ಥಾ ಡುನ್, ಕೊನೆಗೆ ದೊಡ್ಡಕ್ಷರದಲ್ಲಿ ಧಣಿ. ಊ ಥಾ ಡುನ್ ಮುದುಕಿಯ ಗಂಡ. ಪಾಪ, ತಾಳೆ ಹೆಂಡ ಕುಡಿದು ಮೊದಲ ಮೆಟ್ಟಿಲಲ್ಲೇ ಮಲಗುತ್ತಿದ್ದ. ಅವನನ್ನು ದಾಟಿ, ಎಣ್ಣೆ ಡಬ್ಬ ತಲೆ ಮೇಲೆ ಹೊತ್ತು, ಬಸುರಿಯಾಗಿದ್ದಾಗಲೂ ಹತ್ತಿದವಳು ಇವಳು. ನಮಗೆಲ್ಲ ಗೊತ್ತು. ಕಲ್ಲಿಗೆ ಗೊತ್ತಿಲ್ಲ.

“ಧಣಿ, ನಂಗೆ ಬೇರೆ ಸೂರಿಲ್ಲ. ಕಸ ಗುಡಿಸ್ಕೊಂಡು ಇದೇ ಕೋಣೇಲಿ ಬಿದ್ದಿರ್ತೀನಿ,” ಅಂದಳು ಮುದುಕಿ.

“ಹೆಂಗ್ಸು ಪವಿತ್ರ ಜಾಗ್ದಾಗೆ ಇರಂಗಿಲ್ಲ. ಇನ್ಮೇಲೆ ಹೊಸಿಲೂ ತುಳಿಯಂಗಿಲ್ಲ.”

“ನಿಮ್ಮಪ್ಪನ ದೋಣಿ ಕತ್ಲಲ್ಲಿ ಮನೆ ಸೇರ್ತಿದ್ದಿದ್ದು ಯಾವ ಗಂಡ್ಸು ಹಚ್ಚಿದ ದೀಪದಾಗೆ?”

“ಬಾಯ್ಮುಚ್ಚೇ ಮುದಿಮುಂಡೆ. ನಾಳೆ ದೊಡ್ಡ ಭಿಕ್ಷುಗಳು ಬರೋ ಹೊತ್ಗೆ ನೀನಿಲ್ಲಿರಬಾರ್ದು.”

ನಮಗೆ ಹೊಟ್ಟೆ ಉರಿಯಿತು. ಆದರೂ ಕಾಲಬುಡ ನೋಡಿಕೊಂಡು ನಿಂತೆವು. ಆ ಹೊಟ್ಟೆಗೆ ಗಂಜಿ ಅವನ ಗಿರಣಿಯಿಂದಲೇ ಬರಬೇಕಲ್ಲ.

ಮರುದಿನ ಡೋಲು, ಛತ್ರಿ, ಮೆರವಣಿಗೆ. ರೇಷ್ಮೆ ಲುಂಗಿಯುಟ್ಟ ಧಣಿ ಮುಂದೆ, ವಿಗ್ರಹ ಹೊತ್ತ ನಾವು ಹಿಂದೆ. ಬಾಗಿಲ ಹತ್ತಿರ ಬಂದವನು ಗಕ್ಕನೆ ನಿಂತ.

ಬಾಗಿಲ ಮೇಲೆ ಅಡ್ಡಕ್ಕೆ ಹಗ್ಗ ಕಟ್ಟಿ, ಮುದುಕಿ ತನ್ನ ತಮೇನ್‌ಗಳನ್ನು ಒಗೆದು ಒಣಹಾಕಿದ್ದಳು. ಹೆಂಗಸು ಸೊಂಟಕ್ಕೆ ಸುತ್ತುವ ಆ ಬಟ್ಟೆಯ ಕೆಳಗೆ ನುಸುಳಿದ ಗಂಡಸಿನ ತೇಜಸ್ಸೆಲ್ಲ ಸೋರಿಹೋಗುತ್ತದೆ ಅನ್ನುವುದು ನಮ್ಮ ಕಡೆ ಕೂಸಿಗೂ ಗೊತ್ತು. ನೀರು ತೊಟ್ಟಿಕ್ಕುತ್ತಿತ್ತು.

“ಕಿತ್ತಾಕ್ರೋ ಅದನ್ನ,” ಧಣಿ ಕಿರುಚಿದ.

“ಯಾರು ಮುಟ್ಟೋದು ಧಣಿ? ನಮ್ಗೂ ಇರೋದು ಅಷ್ಟಿಷ್ಟು ತೇಜಸ್ಸು,” ಅಂದೆ ನಾನು.

ದೊಡ್ಡ ಭಿಕ್ಷುಗಳು ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಲೋಕವನ್ನೇ ಬಿಟ್ಟವರು, ತಮೇನ್ ಭಯ ಮಾತ್ರ ಬಿಟ್ಟಿರಲಿಲ್ಲ. ನಾವು ವಿಗ್ರಹವನ್ನು ಬಿಸಿಲಲ್ಲೇ ಇಳಿಸಿದೆವು. ಒಳಗೆ ಮುದುಕಿ ಒಲೆ ಹಚ್ಚುತ್ತಿದ್ದಳು.

ಧಣಿ ಗಿರಣಿಯಿಂದ ಉದ್ದನೆಯ ಕೋಲು ತರಲು ಆಳನ್ನು ಓಡಿಸಿದ. ಅಷ್ಟರಲ್ಲಿ ನನ್ನ ಹೆಂಡತಿ ಕೈಯಲ್ಲಿದ್ದ ಹೂವು ಕೆಳಗಿಟ್ಟು ಮನೆ ಕಡೆ ನಡೆದಳು. ಅವಳ ಹಿಂದೆ ಗಿರಣಿಯ ಹೆಂಗಸರೆಲ್ಲ ಹೋದರು. ಕೋಲು ಬರುವ ಮೊದಲೇ ಅವರು ವಾಪಸು ಬಂದರು, ಒಬ್ಬೊಬ್ಬರ ಸೊಂಟದ ಮೇಲೂ ಒದ್ದೆ ತಮೇನ್‌ಗಳ ಬುಟ್ಟಿ.